ಅಳಿಸಿಹೋದ ಕೆಂಪು ಪಟ್ಟಿ

2025ರ ಜೂನ್ 17, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಸೈಬರ್ ಅಪರಾಧಗಳನ್ನು ನೋಡುವ ಬಾಗಲಕೋಟೆಯ ಸಿ.ಇ.ಎನ್. ಪೊಲೀಸ್ ಠಾಣೆಗೆ ಇಬ್ಬರು ಬಂದರು. ಮುಂದೆ ನಡೆದು ಬಂದವರು ನವನಗರದ ಹಂಸಗಿರಿ ಆಸ್ಪತ್ರೆಯ ವ್ಯವಸ್ಥಾಪಕ ಶಿವಸಂಗಪ್ಪ. ಅವರ ಬೆನ್ನ ಹಿಂದೆ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವುಚಿಕೊಂಡು ನಿಂತವನು ಅಶ್ಫಾಕ. ಊರು ಇಳಕಲ್ಲ, ವಯಸ್ಸು ಮೂವತ್ತೊಂದು, ಕೆಲಸ ಆ ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವುದು. ದೂರಿಗೆ ಸಹಿ ಹಾಕಿದವರು ಶಿವಸಂಗಪ್ಪ. ಬರೆದವನು ಅಶ್ಫಾಕ.

ಇನ್‌ಸ್ಪೆಕ್ಟರ್ ನಾಗಲಿಂಗ ಬಡಿಗೇರ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಂಗ ತಿಳಿಯೂಹಂಗ ಹೇಳ್ರಿ. ಏನ್ ಕಳವಾಗೇತಿ?"

"ಕಳವಾಗಿಲ್ರಿ ಸಾಹೇಬ್ರ. ಅಳಿಸ್ಯಾರ." ಅಶ್ಫಾಕ ಮುಂದೆ ಬಂದ. "ನಮ್ಮ ಬಾಗಲಕೋಟಿ ದವಾಖಾನಿ, ಬಾದಾಮಿ, ಹುನಗುಂದ, ಇಳಕಲ್ಲ ಶಾಖಾ, ನಾಕೂ ಕಡಿ ಪೇಶಂಟ್ ಹೆಸರು ತೆಗದ್ರ ಕಂಪ್ಯೂಟರ್‌ನಾಗ ಒಂದು ಪುಟ ಬರ್ತೇತ್ರಿ. ಆ ಮನಷಾಗ ಯಾವುದರ ಔಷಧ ಆಗಿಬರಂಗಿಲ್ಲ ಅಂದ್ರ, ಪುಟದ ಮ್ಯಾಲ ಕೆಂಪು ಪಟ್ಟಿ ಕಾಣತೇತಿ. ಸೂಜಿ ಹಾಕೂ ಮುಂದ ಅದನ್ನ ನೋಡ್ತಾರ. ಶನಿವಾರ ಸಂಜಿಮುಂದ ಯಾರೋ ಎಲ್ಲಾರ ಪುಟದ್ದೂ ಆ ಪಟ್ಟಿ ಅಳಿಸ್ಯಾರ್ರಿ."

"ಎಲ್ಲಾರ್ದು ಅಂದ್ರ?"

"ಅರವತ್ತೊಂದು ಸಾವಿರ ಜನರ್ದು."

ಪಕ್ಕದ ಮೇಜಿನಲ್ಲಿ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಖಾದರಬಾಷಾ ಪೆನ್ನು ನಿಲ್ಲಿಸಿದರು. "ಅಂದ್ರ ಈಗ ಯಾರಿಗೆ ಬೇಕಾದ್ರೂ ಆಗದ ಸೂಜಿ ಹಾಕಬಹುದು?"

"ಹೌದ್ರಿ. ಪಟ್ಟಿ ಕಾಣವಲ್ದು ಅಂದ್ರ ತೊಂದ್ರಿ ಇಲ್ಲ ಅಂತ ಹಾಕ್ತಾರ."

"ಅಲ್ಲೋ ಮಾರಾಯಾ, ನಮ್ಮ ಮನಿಯಾಕಿ ನಿಮ್ಮ ದವಾಖಾನಿಗೇ ಬರ್ತಾಳ!"

ನಾಗಲಿಂಗ ಕೈ ಎತ್ತಿದರು.

"ನಿಮಗ ಹೆಂಗ ಗೊತ್ತಾತು?"

ಅಶ್ಫಾಕ ಹೇಳಿದ. ನಾಲ್ಕು ವರ್ಷದ ಹಿಂದೆ ಈ ವ್ಯವಸ್ಥೆ ಶುರು ಮಾಡುವಾಗ ಪರೀಕ್ಷೆಗೆ ನಿಜವಾದ ಮನುಷ್ಯರೊಬ್ಬರ ಹೆಸರು ಬೇಕಾಗಿತ್ತು. ಅವನು ತನ್ನ ತಾಯಿ ಹುಸೇನಬಿಯ ಹೆಸರು ಹಾಕಿದ್ದ. ಆಕೆಗೆ ಸಲ್ಫಾ ಗುಳಿಗೆ ಆಗಿಬರುವುದಿಲ್ಲ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಸರ್ವರ್ ಕೋಣೆಗೆ ಬಂದ ಕೂಡಲೇ ತಾಯಿಯ ಪುಟ ತೆಗೆಯುತ್ತಾನೆ. ಕೆಂಪು ಪಟ್ಟಿ ಕಂಡರೆ ಎಲ್ಲ ಸರಿಯಿದೆ ಎಂದರ್ಥ, ಚಹಾಕ್ಕೆ ಹೋಗುತ್ತಾನೆ. ಭಾನುವಾರ ರಜೆ. ಸೋಮವಾರ ಬಾದಾಮಿ ಶಾಖೆಯಲ್ಲಿ ಕೆಲಸವಿತ್ತು. ಇವತ್ತು ತೆಗೆದರೆ ತಾಯಿಯ ಹೆಸರಿನ ಮೇಲೆ ಬರೀ ಬಿಳಿ.

"ಯಾರು ಅಳಿಸ್ಯಾರಂತ ಕಂಪ್ಯೂಟರ್ ಹೇಳಂಗಿಲ್ಲೇನು?"

"ಹೇಳತೇತ್ರಿ. ಯಾರ ಲಾಗಿನ್‌ಲೇ, ಎಷ್ಟೊತ್ತಿಗೆ ಅಂತ ಬರಕೊಂತೇತಿ. ಆ ವ್ಯವಸ್ಥಾ ನಾನ ಮಾಡೀನ್ರಿ." ಅಶ್ಫಾಕ ಚೀಲವನ್ನು ಇನ್ನಷ್ಟು ಬಿಗಿಹಿಡಿದ. "ಶನಿವಾರ ಸಂಜಿ 6.12. ಲಾಗಿನ್ ನಂದ್ರಿ."

ಶಿವಸಂಗಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕುಳಿತರು.

"ನೀವ ಮಾಡೀರಿ?"

"ಇಲ್ರಿ."

"ಮತ್ತ ಯಾವ ಊರಿಂದ ಆತು?"

"ನಾಕೂ ಶಾಖಾದ್ದು ಒಂದ ದಾರಿಲೆ ಬರ್ತೇತ್ರಿ. ಊರು ಗೊತ್ತಾಗಂಗಿಲ್ಲ."

"ಹಳೇದರ ಪ್ರತಿ ಇಟ್ಟಿರ್ತೀರಲ್ಲ, ಬ್ಯಾಕಪ್?"

"ಹಿಂದಿನ ಮೂರು ರಾತ್ರೀದಷ್ಟ ಇರ್ತೇತ್ರಿ. ಮೂರೂ ಅಳಿಸಿದ ಮ್ಯಾಲಿಂದವು. ಡಿಸ್ಕ್ ಸಾಲಂಗಿಲ್ಲ, ಹೆಚ್ಚಿಗಿ ಕೊಡಸ್ರಿ ಅಂತ ಭಾಳ ಸಲ ಕೇಳೀನ್ರಿ." ಅವನು ಶಿವಸಂಗಪ್ಪನವರ ಕಡೆ ನೋಡಲಿಲ್ಲ. "ಖಾಲಿ ಇದ್ದದ್ದನ್ನ ಮೂರು ರಾತ್ರಿ ಜ್ವಾಕಿ ಮಾಡಿ ಇಟ್ಟಂಗ ಆಗೇತಿ."

ನಾಗಲಿಂಗ ಶಿವಸಂಗಪ್ಪನವರತ್ತ ತಿರುಗಿದರು. "ನಾಕೂ ಕಡಿ ಫೋನ್ ಮಾಡಿ ಹೇಳೀರಿ? ಪರದೆ ನಂಬಬ್ಯಾಡ್ರಿ, ಪೇಶಂಟ್‌ಗೆ ಬಾಯಿಲೆ ಕೇಳ್ರಿ ಅಂತ?"

"ಎಂ.ಡಿ. ಸಾಹೇಬ್ರು ಹುಬ್ಬಳ್ಳಿಗೆ ಹೋಗ್ಯಾರ್ರಿ. ಅವ್ರು ಬಂದಿಂದ... ದವಾಖಾನಿ ಹೆಸರಿನ ಪ್ರಶ್ನಾ ಐತಿ."

ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಫೋನನ್ನು ಅವರ ಮುಂದಕ್ಕೆ ಸರಿಸಿದರು. "ಈಗ ಹಚ್ಚರಿ. ನನ್ನ ಮುಂದ."

ಶಿವಸಂಗಪ್ಪ ಒಂದೊಂದೇ ಶಾಖೆಗೆ ಹೇಳುತ್ತಿರುವಾಗ ಅಶ್ಫಾಕ ಮೂಲೆಗೆ ಸರಿದು ತಾಯಿಗೆ ಫೋನ್ ಹಚ್ಚಿದ. ಗಂಟೆ ಬಾರಿಸಿ ನಿಂತಿತು. ಮತ್ತೆ ಹಚ್ಚಿದ. ಎತ್ತಲಿಲ್ಲ. ಆಕೆಯ ಕಾಲಿಗೆ ಕುರು ಎದ್ದಿತ್ತು. ಇವತ್ತು ನಾಲ್ಕು ಗಂಟೆಗೆ ಇಳಕಲ್ಲ ಶಾಖೆಯಲ್ಲಿ ತೋರಿಸಬೇಕಿತ್ತು. ಬಾಯಲ್ಲಿ ಕೇಳಿದರೆ ಆಕೆ ಏನು ಹೇಳಿಯಾಳು ಎಂಬುದು ಅವನಿಗೆ ಗೊತ್ತಿತ್ತು. ಔಷಧದ ಹೆಸರು ಬರೆದಿದ್ದ ಹಳೆಯ ಚೀಟಿಯನ್ನು ಆಕೆ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳು. ಅದನ್ನು ಒಗೆಯಲು ಹೇಳಿದವನು ಅವನೇ. ಅಮ್ಮಿ, ಎಲ್ಲಾ ಕಂಪ್ಯೂಟರ್‌ನಾಗ ಐತಿ, ನೀ ಏನೂ ನೆನಪಿಡಬ್ಯಾಡ ಎಂದಿದ್ದ. ಆಸ್ಪತ್ರೆ ಎಲ್ಲರಿಗೂ ಅದನ್ನೇ ಹೇಳಿತ್ತು. ಈಗ ಅರವತ್ತೊಂದು ಸಾವಿರ ಜನ ನೆಮ್ಮದಿಯಿಂದ ಮರೆತು ಕುಳಿತಿದ್ದರು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ, ಅಪರಿಚಿತ ಆರೋಪಿಯ ಮೇಲೆ ಎಫ್.ಐ.ಆರ್. ದಾಖಲಾಯಿತು. ಆದರೆ ಅಚ್ಚಾಗಲಿಲ್ಲ. ಖಾದರಬಾಷಾ ಪ್ರಿಂಟರಿನ ನೆತ್ತಿಗೆ ಎರಡೇಟು ಹಾಕಿದರು.

"ನೀವು ಕಂಪ್ಯೂಟರ್‌ನವ್ರಲ್ರಿ. ಇದನ್ನ ಒಂದೀಟ ನೋಡ್ರಿ."

ಬೇರೆ ದಿನವಾಗಿದ್ದರೆ ಅಶ್ಫಾಕನಿಗೆ ಸಿಟ್ಟು ಬರುತ್ತಿತ್ತು. ಡೇಟಾಬೇಸ್ ಕೆಲಸ ಅಂದರೆ ಪ್ರಿಂಟರ್, ಡೇಟಾಬೇಸ್ ಕೆಲಸ ಅಂದರೆ ಒಡೆದ ಮೊಬೈಲ್ ಗಾಜು, ಡೇಟಾಬೇಸ್ ಕೆಲಸ ಅಂದರೆ ಸೋದರಮಾವನ ಟಿ.ವಿ. ರಿಮೋಟ್. ಇವತ್ತು ಅವನು ಮೊಣಕಾಲೂರಿ ಕುಳಿತು ಸಿಕ್ಕಿಕೊಂಡಿದ್ದ ಕಾಗದ ಎಳೆದು ತೆಗೆದ. ಯಂತ್ರ ಗರ್ ಎಂದಿತು. ಬೆಚ್ಚಗಿನ ಹಾಳೆ ಅವನ ಕೈಗೇ ಬಂತು. ನಾಲ್ಕನೆಯ ಸಾಲಿನಲ್ಲಿ ಅವನ ಹೆಸರಿತ್ತು.

"ಶನಿವಾರ ಸಂಜಿ ಆರು ಗಂಟೇಕ ಎಲ್ಲಿದ್ರಿ?" ಹಿಂದಿನಿಂದ ನಾಗಲಿಂಗ ಕೇಳಿದರು.

"ಗುಳೇದಗುಡ್ಡದಾಗ್ರಿ, ಅರ್ಧ ದಿನ ರಜಾ ಇತ್ತು. ಕಾಳವ್ವಾರ ಮನ್ಯಾಗ, ಮಗ್ಗದ ಮುಂದ."

"ಏನ್ ಕೆಲಸ?"

ಅಶ್ಫಾಕನಿಗೆ ನಾಚಿಕೆಯಾಯಿತು. "ಕುಬಸದ ಖಣದಾಗಿನ ನಕ್ಷಾ ಕೂಡಿಸ್ತೇನ್ರಿ. ಆನೆಹೆಜ್ಜೆ, ತೊಟ್ಟಿಲ, ಹಿಂಗ ಹಳೇವು. ಯಾವ ನಕ್ಷಾಕ್ಕ ಎಷ್ಟೆಳಿ, ಯಾರ ಮನ್ಯಾಗ ನೇಯ್ತಾರ ಅಂತ ಒಂದ ಕಡಿ ಹಾಕಿ ಇಡ್ತೇನಿ. ಯಾರೂ ಹೇಳಿಲ್ರಿ. ನನ್ನ ಖುಷಿಗೆ."

ಖಾದರಬಾಷಾ ಅವನನ್ನು ಮೇಲಿಂದ ಕೆಳಗೆ ನೋಡಿದರು. "ದಿನಾ ಮಾಡೂ ಕೆಲಸಾನ ರಜಾದಾಗೂ ಮಾಡ್ತೀರಿ?"

"ಅದು ಮನಷಾರ್ದರಿ. ಇದು ಅರಿವಿದು. ತಪ್ಪಾದ್ರ ಯಾರೂ ಸಾಯಂಗಿಲ್ಲ."

ಹನ್ನೆರಡರ ಹೊತ್ತಿಗೆ ಜೀಪು ಗುಳೇದಗುಡ್ಡದ ಓಣಿಯಲ್ಲಿ ನಿಂತಿತು. ಕಾಳವ್ವ ಮಗ್ಗ ನಿಲ್ಲಿಸಿ, ಅದರ ಕೆಳಗಿನ ಕುಣಿಯಿಂದ ಕಾಲು ಮೇಲೆತ್ತಿಕೊಂಡು ಕುಳಿತಳು. ಪೊಲೀಸರಿಗೆ ಆಕೆ ಅಂಜಲಿಲ್ಲ. ಅಶ್ಫಾಕನ ಮುಖ ನೋಡಿ ಅಂಜಿದಳು.

"ಈ ಹುಡುಗ ಶನಿವಾರ ಬಂದಿದ್ದನೇನವ್ವಾ?"

"ಬಂದಿದ್ದನ್ರಿ. ಮೂರರ ಸುಮಾರಿಗೆ ಬಂದಾವ ದೀಪ ಹಚ್ಚೂತನಕ ಇಲ್ಲೇ ಇದ್ದ. ಖಣದಾಗಿನ ಚುಕ್ಕಿ ಎಣಸ್ತಾನ್ರಿ. ಕನ್ಯಾ ನೋಡೋ ಅಂದ್ರ ನೋಡಂಗಿಲ್ಲ, ಚುಕ್ಕಿ ಎಣಸ್ತಾನ. ಭಾಳ ಸಂಭಾವಿತ."

"ಕೈಯಾಗ ಏನಿತ್ತು?"

"ಅದ ಡಬ್ಬಿ ಇತ್ತಲ್ರಿ, ತೆರದ್ರ ಬೆಳಕು ಬರ್ತೇತಿ. ಅದನ್ನ ತೊಡಿಮ್ಯಾಲ ಇಟ್ಕೊಂಡು ಕುಟ್ಟತಿದ್ದ."

"ಆರು ಗಂಟೇಕೂ ಕುಟ್ಟತಿದ್ನೇನು?"

"ಕುಟ್ಟೇ ಕುಟ್ಟತಿದ್ದ. ತಲಿ ಎತ್ತಿಲ್ಲ ನೋಡ್ರಿ." ಒಳ್ಳೆಯದಾಗಲೆಂದೇ ಆಕೆ ಹೇಳುತ್ತಿದ್ದಳು. "ಫೋನ್ ಬ್ಯಾರೆ ಉಲ್ಟಾ ಹಾಕಿದ್ದ. ಅದು ನೆಲದಮ್ಯಾಲ ನಡಗ್ಯಾಡತಿತ್ತು. ಎತ್ತಪಾ ಅಂದೆ. ದಿನಾ ಇರೂದ ಬಿಡ್ರಿ ಅವ್ವಾ ಅಂದ."

ನಾಗಲಿಂಗ ಓಣಿಗೆ ಬಂದು ನಿಂತರು. ಮಗ್ಗಗಳ ಸದ್ದು ಎರಡೂ ಬದಿಯ ಮನೆಗಳಿಂದ ಬರುತ್ತಿತ್ತು.

"ಆ ಲ್ಯಾಪ್‌ಟಾಪ್‌ನಿಂದ ಇಲ್ಲಿ ಕುಂತು ದವಾಖಾನಿ ಸರ್ವರ್ ಮುಟ್ಟಾಕ ಬರ್ತೇತೇನು?"

"ಬರ್ತೇತ್ರಿ."

"ಹಂಗಾರ ನೀ ಇಲ್ಲಿದ್ದದ್ದಕ್ಕ ಏನು ಅರ್ಥ ಉಳೀತು?"

ನೀವು ಹೋಗಿ ನೀ ಆಗಿತ್ತು. ಖಾದರಬಾಷಾ ಲ್ಯಾಪ್‌ಟಾಪ್ ಚೀಲವನ್ನು ಅಶ್ಫಾಕನ ಎದೆಯಿಂದ ಮೆಲ್ಲಗೆ ಬಿಡಿಸಿ ತೆಗೆದುಕೊಂಡರು. ಕಾಳವ್ವನ ಮನೆಯ ಕಟ್ಟೆಯ ಮೇಲೆಯೇ ಓಣಿಯ ಇಬ್ಬರು ಪಂಚ ಸಾಕ್ಷಿಗಳ ಸಮಕ್ಷಮ ಅದನ್ನು ಅರಿವೆಯಲ್ಲಿ ಸುತ್ತಿ ಅರಗು ಹಾಕಿದರು. ಬಾಗಿಲಲ್ಲಿ ನಿಂತ ಕಾಳವ್ವ, "ನಾ ಏನರ ತಪ್ಪ ಹೇಳಿದ್ನೇನ್ರಿ?" ಎಂದು ಕೇಳುತ್ತಲೇ ಇದ್ದಳು.

ಜೀಪಿನಲ್ಲಿ ಅವನನ್ನು ಹಿಂದಿನ ಸೀಟಿನ ನಡುವೆ ಕೂರಿಸಿದರು. ಇನ್ನೊಂದು ಭಯ ಅವನನ್ನು ಬೆಳಗಿನಿಂದ ಕಾಡುತ್ತಿತ್ತು. ಏಪ್ರಿಲ್‌ನಲ್ಲಿ ಅವನು ಶಾಖೆಗಳಿಗೆ ಹೋಗಿ ಅಲ್ಲಿಯ ಕಂಪ್ಯೂಟರ್‌ಗಳಿಂದಲೇ ಕೆಲಸ ಮಾಡಿದ್ದ. ಪಾಸ್‌ವರ್ಡ್ ನೆನಪಿಡಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ. ಬೇಡ ಎಂದು ಒತ್ತಿದ್ದೆನೇ? ಎಲ್ಲ ಕಡೆಯೂ ಒತ್ತಿದ್ದೆನೇ? ಅಂದು ಮಧ್ಯಾಹ್ನ ಬಾದಾಮಿಯಿಂದ ಹುನಗುಂದಕ್ಕೆ ಹೋಗುವ ಅವಸರ, ಇಪ್ಪತ್ತು ನಿಮಿಷಕ್ಕೊಂದು ಫೋನು. ಹೆಸರು ತಪ್ಪಾಗೈತಿ ತಿದ್ದಿ ಕೊಡ್ರಿ, ವಯಸ್ಸು ತಪ್ಪಾಗೈತಿ, ಪುಟ ತೆರೀವಲ್ದು, ಭಾಳ ಸ್ಲೋ ಐತಿ. ಅವನಿಗೆ ನೆನಪಾಗಲಿಲ್ಲ. ತಾಯಿಗೆ ಮತ್ತೆ ಫೋನ್ ಮಾಡಲು ಅನುಮತಿ ಕೇಳಿದ. ಕೊಟ್ಟರು. ಆಕೆ ಎತ್ತಲಿಲ್ಲ.

ಎರಡೂವರೆಗೆ ಅವರು ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿದ್ದರು. ಕ್ಯಾಂಟೀನಿನವನೊಬ್ಬ, ಪಕ್ಕದ ಔಷಧದ ಅಂಗಡಿಯವನೊಬ್ಬ ಪಂಚರು. ಯಂತ್ರವನ್ನೇ ಒಯ್ಯಬೇಕೆಂದು ನಾಗಲಿಂಗರ ಮನಸ್ಸಿನಲ್ಲಿತ್ತು.

"ಒಯ್ಯಬ್ಯಾಡ್ರಿ ಸಾಹೇಬ್ರ. ಐ.ಸಿ.ಯು. ಇದರ ಮ್ಯಾಲೇ ನಡದೇತಿ. ಪೂರಾ ಪ್ರತಿ ತೆಗದು ಕೊಡ್ತೇನಿ, ನಿಮ್ಮ ಕಣ್ಮುಂದ."

"ಮೊದಲ ತೋರಸು. ಖರೇನ ಎಲ್ಲಾರ್ದೂ ಹೋಗೇತೇನು?"

ಅಶ್ಫಾಕ ಕೀಲಿಮಣೆಯ ಮೇಲೆ ಕೈಯಿಟ್ಟ. ಖಾದರಬಾಷಾ ಪಂಚನಾಮೆಗೆ ಅಂಕಿ ಬರೆದುಕೊಳ್ಳಲು ಬಗ್ಗಿ ನಿಂತರು. ಕೆಂಪು ಪಟ್ಟಿ ಇನ್ನೂ ಉಳಿದವರು ಎಷ್ಟು ಎಂದು ಅಶ್ಫಾಕ ಕೇಳಿದ. ಸೊನ್ನೆ ಬರಬೇಕಿತ್ತು.

ನಲವತ್ತೇಳು ಬಂತು.

"ಇವರ್ದು ಉಳಿದೇತಲ್ಲೋ," ಎಂದರು ಖಾದರಬಾಷಾ.

"ಉಳಿಯಾಕ ಬರಂಗಿಲ್ರಿ." ಅವನು ಮತ್ತೆ ಅದನ್ನೇ ಕೇಳಿದ, ಕೈ ತಪ್ಪಿರಬಹುದೆಂದು.

ನಲವತ್ತೆಂಟು.

ಅಶ್ಫಾಕ ಕೀಲಿಮಣೆಯಿಂದ ಕೈ ತೆಗೆದ. "ಸಾಹೇಬ್ರ, ಯಾರೋ ಒಳಗದಾರ್ರಿ. ಈಗ. ಒಂದೊಂದ ವಾಪಸ್ ಹಾಕಾಕತ್ಯಾರ."

"ಯಾರು?"

"ಹುನಗುಂದ ವಾರ್ಡಿನ ಲಾಗಿನ್. ಅಲ್ಲಿ ಎಲ್ಲಾರೂ ಅದನ್ನ ಬಳಸ್ತಾರ್ರಿ, ಯಾರಂತ ಹೇಳಾಕ ಬರಂಗಿಲ್ಲ."

"ಮುಂಜಾನೆ ಫೋನ್ ಮಾಡೀವಲ್ಲ. ಅದನ್ನ ಕೇಳಿ ಹಾಕತಿರಬೇಕು."

"ಶುರು ಆಗಿದ್ದು ರವಿವಾರ ಮುಂಜಾನೆರೀ. ಆವಾಗ ಯಾರಿಗೂ ಗೊತ್ತಿರಲಿಲ್ಲ."

ನಾಗಲಿಂಗ ಕುರ್ಚಿ ಎಳೆದು ಅವನ ಪಕ್ಕ ಕುಳಿತರು. "ಯಾರ್ಯಾರ್ದು ಹಾಕ್ಯಾರ? ಏನರ ಸಂಬಂಧ ಐತೇನು ಅವ್ರಿಗೆ?"

ಅಶ್ಫಾಕ ಹೆಸರುಗಳನ್ನು ನೋಡುತ್ತ ಹೋದ. ಬಾದಾಮಿಯವರು, ಕೆರೂರಿನವರು, ಇಳಕಲ್ಲಿನವರು. ಎಲ್ಲರೂ ಭಾನುವಾರ, ಸೋಮವಾರ, ಇವತ್ತು ಯಾವುದೋ ಒಂದು ಶಾಖೆಗೆ ತೋರಿಸಲು ಬರಬೇಕಾದವರು. "ಯಾರು ಮೊದಲ ಡಾಕ್ಟರ್ ಮುಂದ ಕೂಡ್ತಾರೋ ಅವ್ರನ್ನ ಮೊದಲ ಹಿಡದಾರ್ರಿ. ಸಾಯಬಾರದು ಅಂತ."

ಹೆಸರುಗಳು ಮುಂದೆ ಸರಿದವು. ನಲವತ್ತನಾಲ್ಕನೆಯದು ಹುಸೇನಬಿ, ಇಳಕಲ್ಲ.

ಅವನು ಪುಟ ತೆರೆದ. ತಾಯಿಯ ಹೆಸರಿನ ಮೇಲೆ ಕೆಂಪು ಪಟ್ಟಿ ಇತ್ತು. ಸಲ್ಫಾ ಆಗುವುದಿಲ್ಲ ಎಂದು ಬರೆದಿತ್ತು. ಬೆಳಿಗ್ಗೆ ಅದನ್ನು ಕಾಣದೆ ಹೆದರಿದ್ದವನು ಈಗ ಅದನ್ನು ಕಂಡು ಹೆದರಿದ.

ಆಗಲೇ ಅವನ ಫೋನ್ ರಿಂಗಾಯಿತು. ನಾಗಲಿಂಗ ತಲೆಯಾಡಿಸಿದರು. ಅವನು ಸ್ಪೀಕರ್ ಹಾಕಿದ.

"ಎಷ್ಟ ಸಲ ಹಚ್ಚೀಯೋ ಬೇಟಾ? ಫೋನ್ ಚಾರ್ಜಿಗಿ ಹಾಕಿ ಬಾಜೂಮನಿಗೆ ಹೋಗಿದ್ದೆ."

"ಅಮ್ಮಿ, ನಿನಗ ಯಾರರ ಫೋನ್ ಮಾಡಿದ್ರೇನು? ಔಷಧ ಕೇಳಿ?"

"ಹಾಂ, ಹತ್ತರ ಸುಮಾರಿಗೆ ಒಬ್ಬ ಹುಡುಗ ಮಾಡಿದ್ದ, ಹುನಗುಂದ ದವಾಖಾನಿಯಿಂದಂತ. ಯಾವ ಗುಳಿಗಿ ಆಗಂಗಿಲ್ರಿ ಅಮ್ಮಾ ಅಂದ. ಕಂಪ್ಯೂಟರ್‌ನಾಗ ಐತಲ್ಲಪಾ, ನನ್ನ ಮಗಾನ ಹಾಕ್ಯಾನ ಅಂದೆ. ಒಲ್ಲೆಂದ. ನೆನಪ ಮಾಡ್ಕೋರಿ, ನಾ ಕಾಯ್ತೇನಿ ಅಂದ. ಅಳಾಕತ್ತಂಗ ಇತ್ತೋ ಅವನ ದನಿ. ಆಮ್ಯಾಲ ನೆನಪಾತು. ಯಾಕ? ಏನಾಗೇತಿ?"

"ನಂಬರ್ ಹೇಳಮ್ಮಿ. ಒಂದೊಂದ ಅಂಕಿ."

ಆಕೆ ಓದಿ ಹೇಳಿದಳು. ಅಶ್ಫಾಕ ತನ್ನ ಫೋನಿನಲ್ಲಿ ಒತ್ತುತ್ತ ಹೋದ. ಏಳನೆಯ ಅಂಕಿಗೇ ಹೆಸರು ತಾನಾಗಿ ಮೇಲೆ ಬಂತು: ಹುನಗುಂದ ಸಚಿನ ಬ್ರದರ್. ಅದರ ಕೆಳಗೆ, ಶನಿವಾರ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ, ಅವನು ಎತ್ತದೆ ಬಿಟ್ಟ ನಾಲ್ಕು ಕರೆಗಳು.

ಗುಳೇದಗುಡ್ಡದ ನೆಲದ ಮೇಲೆ ಉಲ್ಟಾ ಬಿದ್ದು ನಡುಗಿದ ಫೋನು.

"ಯಾರಿವ?" ನಾಗಲಿಂಗ ಕೇಳಿದರು.

"ನರ್ಸ್ ಕೆಲಸ ಮಾಡ್ತಾನ್ರಿ. ಪುಟ ಭಾಳ ತಡಾ ಆಗಿ ತೆರೀತೇತಿ ಅಂತ ವಾರಕ್ಕೆರಡ ಸಲ ಫೋನ್ ಮಾಡ್ತಾನ. ನಂಗ ಸಾಕಾಗಿತ್ತು." ಅಶ್ಫಾಕ ನಾಗಲಿಂಗರತ್ತ ತಿರುಗಿದ. "ಸಾಹೇಬ್ರ, ನಾ ಮುಂಜಾನಿಂದ ಯಾರೋ ಎಲ್ಲಾರ್ದೂ ಅಳಿಸ್ಯಾರ ಅನ್ಕೊಂಡಿದ್ದೆ. ಅಲ್ಲ ಅನಸ್ತೇತ್ರಿ. ಒಬ್ಬರ್ದ ಅಳಿಸಾಕ ಹೋಗ್ಯಾನ. ನಮ್ಮ ಕೆಲಸದಾಗ ಒಂದು ತಪ್ಪು ಆಗ್ತೇತಿ. ಯಾರ್ದು ಅಂತ ಹೇಳೂ ಸಾಲು ಬಿಟ್ಟು ಒತ್ತಿದ್ರ, ಎಲ್ಲಾರ್ದೂ ಹೋಗ್ತೇತಿ."

ನಾಗಲಿಂಗ ಎದ್ದು ಬಾಗಿಲಿಗೆ ಹೋದರು. ಶಿವಸಂಗಪ್ಪ ಹೊರಗೆ ನಿಂತಿದ್ದರು.

"ಶನಿವಾರ ಹುನಗುಂದದಿಂದ ನಿಮ್ಮಲ್ಲಿಗೆ ಯಾರನ್ನರ ಕಳಿಸಿದ್ರೇನ್ರಿ? ಗಂಭೀರ ಆಗಿ?"

ಶಿವಸಂಗಪ್ಪ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ಐ.ಸಿ.ಯು.ದಾಗ ಒಬ್ರದಾರ್ರಿ. ಇಬ್ರಾಹಿಂಸಾಬ ಅಂತ. ಹಾರ್ಟಿನ ತೊಂದ್ರಿ ಅಂತ ಬರದು ಕಳಿಸಿದ್ರು."

ಇಬ್ರಾಹಿಂಸಾಬನ ಮಗಳು ಫರಹಾನಾ ಐ.ಸಿ.ಯು. ಬಾಗಿಲ ಹೊರಗೆ ಕುಳಿತಿದ್ದಳು. ಶನಿವಾರ ಸಂಜೆಯಿಂದ ಅಲ್ಲಿಂದ ಎದ್ದಂತಿರಲಿಲ್ಲ. ಅವಳ ಹೇಳಿಕೆ ಚಿಕ್ಕದು.

"ಅಪ್ಪಾಗ ಕಾಲಿನ ಗಾಯಕ್ಕ ಸೂಜಿ ಹಾಕಿದ್ರು. ಐದು ನಿಮಿಷಾನೂ ಆಗಿಲ್ರಿ, ಮಾರಿ ಬಾತು ಉಸುರು ಹತ್ತಾಕತ್ತು."

"ಯಾವ ಸೂಜಿ ಆಗಂಗಿಲ್ಲ ಅಂತ ನಿಮಗ ಗೊತ್ತಿತ್ತೇನವಾ?"

"ಪೆನ್ಸಿಲಿನ್ ಆಗಂಗಿಲ್ಲ. ಹ್ವಾದ ವರ್ಷ ಅಲ್ಲೇ ಬರಸೀವ್ರಿ. ಬ್ರದರ್ ಕಂಪ್ಯೂಟರ್ ನೋಡಿದ್ರು. ನೋಡಿ ಹಾಕಿದ್ರು. ನಾನೂ ಅಲ್ಲೇ ಇದ್ದೆ." ಅವಳು ತಲೆಯೆತ್ತಿದಳು. "ಕಂಪ್ಯೂಟರ್ ನೋಡಿದ್ರಲ್ಲ ಅಂತ ನಾನೂ ಸುಮ್ಮನಿದ್ದೆ."

ಅಶ್ಫಾಕ ಗಾಜಿನ ಆಚೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

ಜೀವಕ್ಕೆ ಅಪಾಯ ತಂದದ್ದು, ಸಾಕ್ಷ್ಯ ಅಳಿಸಿದ್ದು, ಈ ಎರಡು ಕಲಂಗಳನ್ನು ಪ್ರಕರಣಕ್ಕೆ ಸೇರಿಸಲು ವರದಿ ಬರೆದು ನಾಗಲಿಂಗ ಹುನಗುಂದಕ್ಕೆ ಹೊರಟರು. ಈ ಸಲ ಅಶ್ಫಾಕನನ್ನು ಕಿಟಕಿಯ ಪಕ್ಕ ಕೂರಲು ಬಿಟ್ಟರು.

ಹುನಗುಂದ ಶಾಖೆ ಎಂದರೆ ಬಸ್ ನಿಲ್ದಾಣದ ಹಿಂದಿನ ಎರಡು ಮಹಡಿಯ ಕಟ್ಟಡ. ಕೆಳಗೆ ಔಷಧದಂಗಡಿ, ಮೇಲೆ ಹತ್ತು ಹಾಸಿಗೆಯ ವಾರ್ಡು. ಸಂಜೆ 5.50ಕ್ಕೆ ಅವರು ಮೆಟ್ಟಿಲು ಹತ್ತಿದಾಗ, ವಾರ್ಡಿನ ಮೂಲೆಯ ಮೇಜಿನಲ್ಲಿ ಒಬ್ಬ ಯುವಕ ಬೆನ್ನು ತೋರಿಸಿ ಕುಳಿತಿದ್ದ. ಕಿವಿಗೆ ಫೋನು. ಪಕ್ಕದಲ್ಲಿ ತಿನ್ನದ ಅವಲಕ್ಕಿಯ ಪೊಟ್ಟಣ.

"ನೆನಪ ಮಾಡ್ಕೋರಿ ಅವ್ವಾ. ಹಿಂದಕ ಯಾವುದರ ಗುಳಿಗಿಗೆ ಮೈ ಬಾತಿತ್ತೇನು? ಇಲ್ಲ, ನಾ ಕಾಯ್ತೇನಿ. ಆ ಹಳೇ ಚೀಟಿ ಹುಡುಕ್ರಿ, ಅವಸರಿಲ್ಲ."

ಅವನು ತಿರುಗಿದ. ಖಾಕಿ ಕಂಡ. ಆಮೇಲೆ ಅಶ್ಫಾಕನನ್ನು ಕಂಡ. ಫೋನನ್ನು ಕತ್ತರಿಸದೆ ಮೇಜಿನ ಮೇಲೆ ಇಟ್ಟ.

"ಸಚಿನ ನೀನ ಏನು?"

"ಹೌದ್ರಿ."

"ಯಾಕ ಬಂದೇವಿ ಗೊತ್ತೈತಿ?"

"ಅವ್ರು ಅದಾರ್ರಿ?" ಸಚಿನ ಎದ್ದು ನಿಂತ. "ಇಬ್ರಾಹಿಂಸಾಬ್ರು. ಜೀವ ಐತ್ರಿ?"

"ಐತಿ. ಶನಿವಾರ ಏನಾತು?"

ಅವನು ನಿಂತುಕೊಂಡೇ ಹೇಳಿದ. ಶನಿವಾರ ವಾರ್ಡಿನಲ್ಲಿ ಅವನೊಬ್ಬನೇ ಇದ್ದ. ಇಬ್ರಾಹಿಂಸಾಬನ ಪುಟ ತೆಗೆದ. ಹೆಸರು ಬಂತು, ವಯಸ್ಸು ಬಂತು. ಕೆಂಪು ಪಟ್ಟಿ ಬರಲಿಲ್ಲ. ಆಚೆ ಹಾಸಿಗೆಯ ಹುಡುಗಿಗೆ ಫಿಟ್ಸ್ ಬಂದು ಕೂಗುತ್ತಿದ್ದರು. ಸೂಜಿ ಹಾಕಿ ಓಡಿದ. ತಿರುಗಿ ಬಂದಾಗ ಪಟ್ಟಿ ಬಂದಿತ್ತು.

"ಬಂದಿತ್ತು ಅಂದ್ರ?"

"ತಡಾ ಆಗಿ ಬರ್ತೇತ್ರಿ ಅದು. ಯಾವಾಗ್ಲೂ. ಅಶ್ಫಾಕ ಸರ್‌ಗೆ ಹೇಳತಿದ್ನಿ." ಅವನ ಮಾತಿನಲ್ಲಿ ದೂರು ಇರಲಿಲ್ಲ. "ಅವತ್ತೂ ಫೋನ್ ಮಾಡಿದ್ನ್ರಿ. ಮೊದಲ ಏನು ಮಾಡ್ಬೇಕಂತ ಕೇಳಾಕ. ಅಂಬುಲೆನ್ಸ್ ಹ್ವಾದ ಮ್ಯಾಲೂ ಮಾಡಿದ್ನಿ. ಆಮ್ಯಾಲ ಅಂಜಿಕಿ ಆತು. ಪಟ್ಟಿ ಇತ್ತು, ನಾ ನೋಡಲಿಲ್ಲ ಅಂತ ಆಗ್ತೇತಲ್ರಿ. ಪಟ್ಟಿನ ಇರಲಿಲ್ಲ ಅಂದ್ರ?"

"ಅಶ್ಫಾಕನ ಲಾಗಿನ್ ಹೆಂಗ ಸಿಕ್ತು?"

ಸಚಿನ ಅಶ್ಫಾಕನ ಮುಖ ನೋಡಿದ.

"ಹೇಳಲೇ."

"ನಾ ಬಿಟ್ಟು ಹೋಗಿದ್ನ್ರಿ," ಎಂದ ಅಶ್ಫಾಕ. "ಏಪ್ರಿಲ್‌ನಾಗ. ಈ ಕಂಪ್ಯೂಟರ್‌ನಾಗ. ನೋಡ್ರಿ, ಇಲ್ಲೇ ಇರಬೇಕು."

ಕೆಳಗಿನ ಅಂಗಡಿಯಿಂದ ಕರೆಸಿದ ಪಂಚರ ಮುಂದೆ ಅವನೇ ತೆರೆದು ತೋರಿಸಿದ. ಹೆಸರಿನ ಜಾಗದಲ್ಲಿ ಅಶ್ಫಾಕ ಎಂದಿತ್ತು. ಪಾಸ್‌ವರ್ಡಿನ ಜಾಗದಲ್ಲಿ ಕಪ್ಪು ಚುಕ್ಕಿಗಳ ಸಾಲು. ಬೆಳಗಿನಿಂದ ಕಾಡುತ್ತಿದ್ದ ಭಯ ಈಗ ಎದುರಿಗೆ ಬಂದು ಕುಳಿತಿತ್ತು. ನಾಗಲಿಂಗ ಒಂದು ಕ್ಷಣ ಅವನನ್ನೇ ನೋಡಿದರು. "ನಿಮ್ಮ ಹೇಳಿಕಿ ಬ್ಯಾರೆ ಬರಕೊಳ್ಳೂಣು" ಎಂದರು. ನೀ ಮತ್ತೆ ನೀವು ಆಗಿದ್ದನ್ನು ಅಶ್ಫಾಕ ಗಮನಿಸಿದ. ಅದರಿಂದ ಎದೆ ಹಗುರಾಗಲಿಲ್ಲ.

"ಅಳಿಸೂದು ಯಾರು ಕಲಿಸಿದ್ರು?" ಇನ್‌ಸ್ಪೆಕ್ಟರ್ ಸಚಿನನನ್ನು ಕೇಳಿದರು.

"ಯಾರೂ ಕಲಿಸಿಲ್ರಿ. ಏಪ್ರಿಲ್‌ನಾಗ ಸರ್ ಇಲ್ಲಿ ಕುಂತು ಹೆಸರು ತಿದ್ದತಿದ್ರು, ನಾ ಹಿಂದ ನಿಂತು ನೋಡತಿದ್ನಿ. ಎರಡು ಸಾಲು ಬರೀತಿದ್ರು. ಏನು ಮಾಡ್ಬೇಕಂತ ಒಂದು, ಯಾರ್ದಂತ ಒಂದು. ಆಮ್ಯಾಲ ಮೌಸ್‌ಲೇ ಎಳದು ನೀಲಿ ಮಾಡಿ ಒತ್ತತಿದ್ರು. ನಾನೂ ಹಂಗ ಮಾಡಿದ್ನಿ. ಕೈ ನಡಗತಿತ್ರಿ. ನೀಲಿ ಒಂದ ಸಾಲಿಗೆ ಬಂದಿತ್ತು."

ನೀಲಿ ಮಾಡಿದಷ್ಟನ್ನೇ ಆ ಯಂತ್ರ ಕೇಳಿಸಿಕೊಳ್ಳುತ್ತದೆ. ಅಶ್ಫಾಕನಿಗೆ ಅದು ಗೊತ್ತಿತ್ತು. ಹಿಂದೆ ನಿಂತು ನೋಡಿದವನಿಗೆ ಗೊತ್ತಿರಲಿಲ್ಲ.

"ತಪ್ಪಾಗೇತಿ ಅಂತ ಯಾವಾಗ ತಿಳೀತು?"

"ಎಷ್ಟು ಬದಲಾತಂತ ಕೆಳಗ ಬರ್ತೇತ್ರಿ. ಒಂದು ಅಂತ ಬರಬೇಕಿತ್ತು." ಸಚಿನ ಪರದೆಯ ಕೆಳಗಿನ ಮೂಲೆ ತೋರಿಸಿದ. "ಅರವತ್ತೊಂದು ಸಾವಿರ ಅಂತ ಬಂತು."

ಕೆಳಗೆ ಇಳಕಲ್ಲಿನ ಬಸ್ಸು ಹಾರ್ನ್ ಹಾಕುತ್ತ ಹೊರಟಿತು.

"ಆವಾಗ್ಲೇ ಒಂದು ಮಾತು ಹೇಳಬಾರದೇನೋ?"

"ರವಿವಾರ ಹೇಳಬೇಕಂದೆ. ಸ್ವಾಮವಾರ ಹೇಳಬೇಕಂದೆ. ಎಲ್ಲಾರ್ದೂ ವಾಪಸ್ ಹಾಕಿ ಆಮ್ಯಾಲ ಹೇಳೂಣು ಅಂತ... ಮಕ್ಕೊಂಡಿಲ್ರಿ ನಾ. ಎಷ್ಟು ಮಾಡಿದ್ರೂ ಮುಗೀವಲ್ದು."

ಅಶ್ಫಾಕ ಮನಸ್ಸಿನಲ್ಲೇ ರಾತ್ರಿಗಳನ್ನು ಲೆಕ್ಕ ಹಾಕಿದ. ಶುಕ್ರವಾರ ರಾತ್ರಿಯ ಬ್ಯಾಕಪ್ಪಿನಲ್ಲಿ ಎಲ್ಲರ ಪಟ್ಟಿಯೂ ಇತ್ತು. ಅದರ ಮೇಲೆ ಹೊಸದು ಬಿದ್ದದ್ದು ನಿನ್ನೆ ರಾತ್ರಿ. ಸೋಮವಾರ ಸಂಜೆಯೊಳಗೆ ಯಾರಾದರೂ ಒಂದು ಮಾತು ಆಡಿದ್ದರೆ, ಅಥವಾ ಎತ್ತದೆ ಬಿಟ್ಟ ಒಂದು ಕರೆಗೆ ಅವನೇ ತಿರುಗಿ ಫೋನ್ ಮಾಡಿದ್ದರೆ, ಅರ್ಧ ಗಂಟೆಯ ಕೆಲಸವಾಗಿತ್ತು. ಇದನ್ನು ಸಚಿನ ಮುಂದೆಂದಾದರೂ ನ್ಯಾಯಾಲಯದಲ್ಲಿ ಕೇಳಿಯಾನು. ಇವತ್ತು ತನ್ನ ಬಾಯಿಂದ ಬೇಡ ಎನಿಸಿತು.

ಸಂಜೆ 6.35ಕ್ಕೆ ಸಚಿನನನ್ನು ಬಂಧಿಸಲಾಯಿತು. ಕಂಪ್ಯೂಟರ್ ಇರುವ ಸ್ಥಿತಿಯ ಪಂಚನಾಮೆ ಮುಗಿಸಿ, ಅದರ ಡಿಸ್ಕಿನ ಪ್ರತಿ ತೆಗೆಯುವ ತನಕ ಕಾವಲಿಗೆ ಖಾದರಬಾಷಾ ಉಳಿದರು. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಕೇಳಿದಾಗ ಸಚಿನ ಶಿವಯೋಗ ಮಂದಿರದ ಹತ್ತಿರ ಇರುವ ತನ್ನ ಅಕ್ಕನ ಹೆಸರು ಹೇಳಿದ. ಅವಳೇ ಅವನನ್ನು ನರ್ಸಿಂಗ್ ಓದಿಸಿದವಳು. ಕೆಲಸ ಕಾಯಂ ಆಗಲು ಅವನಿಗೆ ಇನ್ನೊಂದು ತಿಂಗಳು ಬಾಕಿಯಿತ್ತು. ತನಿಖಾ ವರದಿಯಲ್ಲಿ ಉದ್ದೇಶ ಎಂಬಲ್ಲಿ ನಾಗಲಿಂಗ ಒಂದೇ ಪದ ಬರೆದರು. ಹೆದರಿಕೆ. ಇಬ್ರಾಹಿಂಸಾಬನ ಗಂಟಲಿನ ನಳಿಗೆಯನ್ನು ಗುರುವಾರ ತೆಗೆದರು. ಮೊದಲು ಅವನು ಮಗಳ ಹೆಸರು ಕರೆದನಂತೆ.

ಆದರೆ ಅದು ಗುರುವಾರದ ಮಾತು. ಮಂಗಳವಾರ ಸಂಜೆ, ಸಚಿನನನ್ನು ಮೆಟ್ಟಿಲು ಇಳಿಸಿ ಕರೆದೊಯ್ಯುವಾಗ, ಮೇಜಿನ ಮೇಲೆ ಬಿಟ್ಟಿದ್ದ ಫೋನಿನೊಳಗಿಂದ ಒಂದು ಸಣ್ಣ ದನಿ ಬಂತು.

"ಹಲೋ? ಅದೀಯೇನಪಾ? ಚೀಟಿ ಸಿಕ್ತು ನೋಡು, ಡಬ್ಬೀ ತಳದಾಗಿತ್ತು."

ಖಾದರಬಾಷಾ ಫೋನಿನ ಕಡೆ ನೋಡಿದರು, ಅಶ್ಫಾಕನ ಕಡೆ ನೋಡಿದರು. "ಅದನ್ನೂ ಸೀಲ್ ಮಾಡ್ಬೇಕು," ಎಂದರು. ಆಮೇಲೆ, "ಆಕಿ ಮಾತು ಮುಗೀಲಿ," ಎಂದು ಪಕ್ಕದ ಕೋಣೆಯ ಕಂಪ್ಯೂಟರ್ ತೋರಿಸಿದರು.

ಅಶ್ಫಾಕ ಫೋನ್ ಕಿವಿಗಿಟ್ಟುಕೊಂಡು ಅಲ್ಲಿ ಹೋಗಿ ಕುಳಿತ. "ಹೇಳ್ರಿ ಅವ್ವಾ. ಯಾವೂರು ನಿಮ್ಮದು?"

"ಕೆರೂರಪಾ. ನಾಳೆ ಬಾದಾಮಿಗೆ ತೋರಸಾಕ ಹೋಗೂದೈತಿ. ನಿನ್ನ ದನಿ ಯಾಕ ಬದಲಾತು?"

"ಇನ್ನೊಬ್ಬಾವ ಬಂದೇನ್ರಿ. ಹೇಳ್ರಿ."

ಆಕೆ ಅಕ್ಷರ ಕೂಡಿಸಿ ಕೂಡಿಸಿ ಔಷಧದ ಹೆಸರು ಓದಿದಳು. ಅವನು ಬರೆದು ಒತ್ತಿದ. ಸರಿಯಾಗಿ ಕುಳಿತಿದೆಯೇ ನೋಡಲು ಆಕೆಯ ಪುಟ ಮತ್ತೆ ತೆಗೆದ. ಹೆಸರು ಬಂತು. ವಯಸ್ಸು ಬಂತು. ಊರು ಬಂತು. ಮೇಲುಗಡೆ ಬಿಳಿ ಜಾಗದಲ್ಲಿ ಒಂದು ಸಣ್ಣ ಚಕ್ರ ತಿರುಗತೊಡಗಿತು.

ಸರ್ವರ್ ಕೋಣೆಯಲ್ಲಿ ಅವನು ಈ ಚಕ್ರವನ್ನು ಎಂದೂ ಕಂಡಿರಲಿಲ್ಲ. ಅಲ್ಲಿ ಎಲ್ಲವೂ ಒಟ್ಟಿಗೇ ಬರುತ್ತಿತ್ತು.

"ಬಂತೇನಪಾ?" ಎಂದಳು ಆಕೆ.

"ತಡೀರಿ ಅವ್ವಾ."

ಚಕ್ರ ತಿರುಗುತ್ತಲೇ ಇತ್ತು. ವಾರ್ಡಿನಲ್ಲಿ ಯಾವುದೋ ಮಗು ಅತ್ತಿತು, ಯಾರೋ ಸಿಸ್ಟರ್ ಎಂದು ಕೂಗಿದರು, ಒಂದು ಟ್ರೇ ಸದ್ದು ಮಾಡುತ್ತ ಹಾದುಹೋಯಿತು. ಅಶ್ಫಾಕ ಕಣ್ಣು ಕೀಳದೆ ಆ ಬಿಳಿ ಜಾಗವನ್ನೇ ನೋಡುತ್ತ ಕುಳಿತ. ಒಂದು ಸೂಜಿಗೆ ಔಷಧ ಎಳೆದು, ತೋಳು ಒರೆಸಿ, ಹಾಕಿ ಮುಗಿಸಿ, ಮುಂದಿನ ಹಾಸಿಗೆಗೆ ಹೋಗುವಷ್ಟು ಹೊತ್ತಿನ ಮೇಲೆ, ಕೆಂಪು ಪಟ್ಟಿ ಬಂತು.